ಹಸಿವಿಲ್ಲದ ಮೀನಿಗೆ ಗಾಳ

ನನಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ಹೇಳ್ಲಿ. ಹತ್ತೊಂಬತ್ತು ವರ್ಷದಿಂದ ಕುವೈಟ್‌ನ ಮಿರ್ಕಾಬ್‌ನಲ್ಲಿ ಗಾಳದ ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ಸಿಟ್ಟು ಬಾರದೆ ಇನ್ನೆಂತ ಬರ್ತದೆ? ಒಬ್ಬ ಬರ್ತಾನೆ, "ದೊಡ್ಡ ಮೀನು ಸಿಗುವ ಲ್ಯೂರ್ ಕೊಡಿ" ಅಂತಾನೆ. ಲ್ಯೂರ್ ಅಂದ್ರೆ ತಗಡು, ಮರ, ಪ್ಲಾಸ್ಟಿಕ್‌ನಲ್ಲಿ ಮಾಡಿದ ಸುಳ್ಳು ಮೀನು. ನಮ್ಮಲ್ಲಿ ಅದು ನಾನೂರು ತರಹದ್ದು ಉಂಟು. ಯಾವ ನೀರು, ಎಷ್ಟು ಆಳ, ಯಾವ ಮೀನು ಅಂತ ಕೇಳಿದ್ರೆ ಬಾಯಿ ಬಿಟ್ಟುಕೊಂಡು ನೋಡ್ತಾನೆ. ಇಂಥವರಿಗೆ ನಾನು ಮೊದಲು ಬೈದು ಆಮೇಲೆ ಸಾಮಾನು ಕೊಡುವುದು. ಬೈಸಿಕೊಂಡವರೇ ಮತ್ತೆ ಬರುವುದು, ಅದು ಬೇರೆ ವಿಷಯ.

ನನ್ನ ಹೆಸರು ರೋಹಿದಾಸ. ಮಲ್ಪೆ ಕಡೆಯ ಮೊಗವೀರ. ಬಲೆ, ದೋಣಿ, ಮೀನಿನ ಮೈ, ಇದು ನನಗೆ ಯಾರೂ ಕಲಿಸಬೇಕಾದ್ದಿಲ್ಲ. ಅಂಗಡಿ ಬೂ ಬದರ್ ಅವರದ್ದು. ಬೂ ಬದರ್ ಅಂದ್ರೆ ಬದರ್‌ನ ಅಪ್ಪ, ಇಲ್ಲಿ ದೊಡ್ಡವರನ್ನು ಮಗನ ಹೆಸರು ಹಿಡಿದೇ ಕರೆಯುವುದು. ನನ್ನ ಕಫೀಲ್, ಅಂದ್ರೆ ವೀಸಾ ಕೊಟ್ಟ ಯಜಮಾನ, ಅವರೇ; ಇಲ್ಲಿ ಇರ್ಲಿಕ್ಕೆ ಬೇಕಾದ ಪರವಾನಗಿ, ನನ್ನ ಇಕಾಮಾ, ಇರುವುದು ಅವರ ಹೆಸರಲ್ಲಿ. ಒಳ್ಳೆ ಮನುಷ್ಯ. ಇಷ್ಟೆಲ್ಲ ಆದ ಮೇಲೂ ನಾನು ಅವರನ್ನು ಕೆಟ್ಟವರು ಅಂತ ಹೇಳುವುದಿಲ್ಲ, ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ.

ಕುವೈಟ್‌ನಲ್ಲಿ ಹೊಳೆ ಅನ್ನುವುದು ಒಂದೂ ಇಲ್ಲ. ವರ್ಷಕ್ಕೆ ಎರಡು ಸಲ ಜೋರು ಮಳೆ ಬಂದ್ರೆ ಅಂಡರ್‌ಪಾಸ್‌ನಲ್ಲಿ ನೀರು ನಿಲ್ತದೆ, ಅಷ್ಟೇ. ಹಾಗಿದ್ದೂ ಹತ್ತು ವರ್ಷದಿಂದ ನನ್ನ ಮಂಡೆಯೊಳಗೆ ಒಂದು ಹೊಳೆ ಓಡ್ತಾ ಉಂಟು. ಅದು ನಾರ್ವೆ ದೇಶದ್ದು. ಜುಲೈ ಬಂತು ಅಂದ್ರೆ ಇಲ್ಲಿಯ ಸೆಕೆ ತಡೀಲಿಕ್ಕಾಗದೆ ಬೂ ಬದರ್ ಮೂರು ಜನ ಸ್ನೇಹಿತರನ್ನು ಕಟ್ಟಿಕೊಂಡು ಅಲ್ಲಿಗೆ ಹೋಗ್ತಾರೆ, ಸಾಲ್ಮನ್ ಹಿಡೀಲಿಕ್ಕೆ.

ಮೊದಲನೆ ವರ್ಷ ನಾನು ಇಲ್ಲಿಯ ಕಡಲಿನ ಹಮೂರ್ ಮೀನಿಗೆ ಹಾಕುವಂಥದ್ದೇ ಲ್ಯೂರ್‌ಗಳನ್ನು ತುಂಬಿಸಿ ಕೊಟ್ಟಿದ್ದೆ. ಸಣ್ಣ ಮೀನಿನ ಹಾಗೆ ಕಾಣುವಂಥದ್ದು, ಸೀಗಡಿ ಹಾಗೆ ಕಾಣುವಂಥದ್ದು. ಒಂದು ವಾರ ನೀರಲ್ಲಿ ನಿಂತು ಒಂದೂ ಸಿಗದೆ ಬಂದ್ರು. ಬಂದವರೇ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ದಡಕ್ಕನೆ ಇಟ್ಟು, "ರೋಹಿ, ನಿನ್ನ ಕಸ ನೀನೇ ಇಟ್ಕೋ" ಅಂದ್ರು. ಮೊಗವೀರನಿಗೆ ಮೀನಿನ ವಿಷಯದಲ್ಲಿ ಕಸ ಅಂದ್ರೆ ಹೇಗಾಗ್ಬೇಡ ಮಾರ್ರೆ? ಮೂರು ದಿನ ಅನ್ನ ಸೇರ್ಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಕಲಿತೆ. ಹೆಂಡತಿ ಸುಗಂಧಿ ರುಮೈಥಿಯಾದ ಬ್ಯೂಟಿ ಪಾರ್ಲರ್‌ನಿಂದ ಬಂದು ಟಿವಿ ಹಾಕಿದ್ರೆ ನಾನು ಫೋನಿನಲ್ಲಿ ಸಾಲ್ಮನ್ ವಿಡಿಯೋ ಹಾಕುವುದು. ಹಾಗೆ ನೋಡಿ ನೋಡಿ ತಿಳಿಯಿತು ತಪ್ಪು ಎಲ್ಲಿ ಅಂತ. ಸಾಲ್ಮನ್ ಹುಟ್ಟುವುದು ಹೊಳೆಯಲ್ಲಿ, ಬೆಳೆಯುವುದು ಕಡಲಲ್ಲಿ. ಮೊಟ್ಟೆ ಇಡ್ಲಿಕ್ಕೆ ಮತ್ತೆ ಅದೇ ಹೊಳೆ ಹತ್ತಿ ಬರ್ತದೆ. ಹೊಳೆಗೆ ಬಂದ ಮೇಲೆ ಅದರ ಊಟ ಬಂದ್. ಹಸಿವೇ ಇಲ್ಲದ ಮೀನಿಗೆ ನಾನು ತಿಂಡಿ ತೋರಿಸ್ತಾ ಕೂತಿದ್ದೆ! ಅದು ಬಾಯಿ ಹಾಕುವುದು ಸಿಟ್ಟಿಗೆ. ಅದು ವಿಶ್ರಾಂತಿ ತೆಗೆದುಕೊಳ್ಳುವ ಜಾಗದಲ್ಲಿ ಮೂಗಿನ ಮುಂದೆ ಎಂತದ್ದೋ ಹೊಳೆದುಕೊಂಡು ಅಡ್ಡ ಬಂದ್ರೆ ಕಚ್ಚಿ ಓಡಿಸ್ತದೆ. ಅದಕ್ಕೆ ಸಿಟ್ಟು ಬರಿಸುವುದೇ ಕೆಲಸ. ಸುಗಂಧಿಗೆ ಇದನ್ನು ಹೇಳಿದ್ರೆ ಅವಳು ನಕ್ಕು, "ನಿಮ್ಮದೇ ಜಾತಿ ಮೀನು, ಅದಕ್ಕೇ ನಿಮಗೆ ಅರ್ಥ ಆದದ್ದು" ಅಂದಳು.

ಎರಡನೆ ವರ್ಷ ಪೆಟ್ಟಿಗೆ ಬದಲಾಯ್ತು. ಹಿಡಿ ಮುರಿದ ಚಮಚದ ಹಾಗಿನ ತಗಡು, ಅದಕ್ಕೆ ಸ್ಪೂನ್ ಅಂತಾರೆ, ಅದನ್ನೇ ಇಪ್ಪತ್ತೆಂಟು ಆರಿಸಿದೆ. ನೀರು ತಣ್ಣಗೆ, ತುಂಬಿ ಹರಿಯುವಾಗ ಭಾರದ್ದು, ಅಗಲದ್ದು, ತಳದಲ್ಲಿ ನಿಧಾನಕ್ಕೆ ಹೋಗ್ಬೇಕು. ನೀರು ಇಳಿದು ಬಿಸಿ ಏರಿದಾಗ ಸಣ್ಣದ್ದು, ತೆಳ್ಳಗಿನದ್ದು, ಮೇಲಿಂದ ಚುರುಕಾಗಿ ಹೋಗ್ಬೇಕು. ತಿಳಿ ನೀರಿಗೆ ಬೆಳ್ಳಿ, ಕಂದು ನೀರಿಗೆ ತಾಮ್ರ, ಕೆಸರಿಗೆ ಕಪ್ಪು ಮತ್ತು ಚಿನ್ನದ ಬಣ್ಣ. ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದೆ, ಅಲ್ಲಿಯ ಕಾನೂನಿನ ಹಾಗೆ ವಾಪಸ್ ನೀರಿಗೆ ಬಿಡಬೇಕಾದ ಮೀನಿನ ಬಾಯಿ ಹರಿಯಬಾರದಲ್ಲ. ಆ ವರ್ಷ ಅವರು ಐದು ಸಾಲ್ಮನ್ ಹಿಡಿದ್ರು. ಫೋಟೋ ಇನ್ನೂ ಅಂಗಡಿಯ ಗೋಡೆಯ ಮೇಲೆ ಉಂಟು. ಅಲ್ಲಿಂದ ಮುಂದೆ ಪ್ರತಿ ವರ್ಷ ಪೆಟ್ಟಿಗೆ ಕಟ್ಟುವುದು ನಾನೇ. ಹೊಳೆಯ ದಂಡೆಯಿಂದ ಫೋನ್ ಮಾಡಿ, "ರೋಹಿ, ಈಗ ಯಾವುದು?" ಅಂತ ಕೇಳಿಯೇ ಅವರು ದಾರಕ್ಕೆ ಲ್ಯೂರ್ ಕಟ್ಟುವುದು.

ಈ ವರ್ಷ ಮಾರ್ಚ್‌ನಲ್ಲಿ ಬೂ ಬದರ್ ಚಹಾ ಕುಡೀತಾ ಹೇಳಿದ್ರು: "ಜೊತೆಗೆ ಒಬ್ಬನನ್ನು ಕರ್ಕೊಂಡು ಹೋಗುವ ಅಂತ ಉಂಟು, ಸಾಮಾನು ನೋಡಿಕೊಳ್ಳಲಿಕ್ಕೆ. ಈ ಸಲ ನೀನು ಬಾ. ಕಾಣದ ನೀರಿಗೆ ಹತ್ತು ವರ್ಷ ಗಾಳ ಆರಿಸಿದ್ದೀ, ಒಮ್ಮೆ ಕಣ್ಣಲ್ಲಿ ನೋಡು."

ನನಗೆ ಫಾರಿನ್ ನೋಡುವ ಹುಚ್ಚು ಇಲ್ಲ. ಬರ್ಫ, ಬೆಟ್ಟ, ಫೋಟೋ, ಯಾವುದೂ ಬೇಡ. ನನಗೆ ಬೇಕಾದ್ದು ಒಂದೇ: ಆ ನೀರಿನಲ್ಲಿ ಮೊಣಕಾಲು ಮುಳುಗುವಷ್ಟು ನಿಂತು, ನಾನೇ ಆರಿಸಿದ ಸ್ಪೂನನ್ನು ನಾನೇ ಎಸೆದು, ಸೆಳೆತದಲ್ಲಿ ಅದು ಹೇಗೆ ತಿರುಗ್ತದೆ ಅಂತ ನನ್ನ ಕೈಗೆ ಗೊತ್ತಾಗಬೇಕು. ಮೀನು ಸಿಗದಿದ್ರೂ ಅಡ್ಡಿಯಿಲ್ಲ. ಐವತ್ತೆರಡು ವರ್ಷದಲ್ಲಿ ನಾನು ನನಗೋಸ್ಕರ ಅಂತ ಆಸೆಪಟ್ಟದ್ದು ಇದೊಂದನ್ನೇ. ಆ ದಿನ ನಾನು ಒಬ್ಬ ಗಿರಾಕಿಗೂ ಬೈಲಿಲ್ಲ. ರಾನ್ಸನ್ ಹೆದರಿ, "ದಾಸಣ್ಣ, ಹುಷಾರಿಲ್ವಾ?" ಅಂತ ಕೇಳಿದ.

ರಾನ್ಸನ್ ಯಾರು ಅಂತ ಹೇಳ್ಬೇಕು. ಶಿರ್ವದ ಹುಡುಗ ಅಂತ ಬಾಯಿಗೆ ಬರ್ತದೆ, ಆದ್ರೆ ಅವನಿಗೂ ನಲವತ್ತು ಆಗ್ತಾ ಬಂತು. ಹನ್ನೆರಡು ವರ್ಷದ ಹಿಂದೆ ಬೂ ಬದರ್ ಹತ್ತಿರ ಹೇಳಿ ಅವನಿಗೆ ವೀಸಾ ಕೊಡಿಸಿದ್ದು ನಾನು. ಖೈತಾನ್‌ನಲ್ಲಿ ಅವನದ್ದೂ ನಮ್ಮದೂ ಒಂದೇ ಕಟ್ಟಡ, ಮೇಲೆ ಕೆಳಗೆ. ಅವನ ಹೆಂಡತಿ ಇನೆಜ್ ಆಸ್ಪತ್ರೆಯಲ್ಲಿ ನರ್ಸ್. ಕ್ರಿಸ್ಮಸ್‌ಗೆ ಅವರ ಕುಸ್ವಾರ್ ತಿಂಡಿ ಮೊದಲು ನಮ್ಮ ಮನೆಗೆ, ಅಷ್ಟಮಿಗೆ ನಮ್ಮ ಉಂಡೆ ಚಕ್ಕುಲಿ ಮೊದಲು ಅವರ ಮನೆಗೆ. ಅಂಗಡಿಯಲ್ಲಿ ನಾನು ಕೌಂಟರ್, ಅವನು ಕಾಗದಪತ್ರ. ಇಕಾಮಾ ರಿನ್ಯೂ, ಮೊಬೈಲ್ ಆ್ಯಪ್, ಬ್ಯಾಂಕಿನ ಫಾರಂ, ಎಂತದ್ದೇ ಬಂದ್ರೂ ನಾನು ಫೋನನ್ನು ಅವನ ಕೈಗೆ ಕೊಡುವುದು, ಅವನು ಒತ್ತಿ ವಾಪಸ್ ಕೊಡುವುದು. ನನ್ನ ಪಾಸ್‌ವರ್ಡ್ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯವನ್ನೂ ಹೇಳ್ಬೇಕು. ಫೆಬ್ರವರಿಯಲ್ಲಿ ಒಂದು ಶುಕ್ರವಾರ, ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಬಿರಿಯಾನಿ ತಿಂದು ನನಗೆ ಎದೆ ಹಿಡಿದ ಹಾಗಾಯ್ತು. ಸುಗಂಧಿ ಅಳ್ಲಿಕ್ಕೆ ಶುರು. ಇನೆಜ್ ಅವಳ ಆಸ್ಪತ್ರೆಗೇ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿದಳು. ಡಾಕ್ಟ್ರು ನೋಡಿ, "ಬರೀ ಗ್ಯಾಸ್, ಬಿರಿಯಾನಿ ಕಡಿಮೆ ಮಾಡಿ" ಅಂತ ಎರಡು ಮಾತ್ರೆ ಕೊಟ್ಟು ಕಳಿಸಿದ್ರು. ನಾನು ರಾನ್ಸನ್‌ನ ಕೈ ಹಿಡಿದು ಹೇಳಿದೆ, "ಇದು ಅಂಗಡಿಯಲ್ಲಿ ಗೊತ್ತಾಗಬಾರದು ಮಾರಾಯ." ಗಲ್ಫ್‌ನಲ್ಲಿ ನಮ್ಮವರೆಲ್ಲ ಹಾಗೆಯೇ. ಜ್ವರ ಬಂದ್ರೂ, ಸಕ್ಕರೆ ಏರಿದ್ರೂ ಕಫೀಲ್ ಕಿವಿಗೆ ಹಾಕುವುದಿಲ್ಲ. ಹುಷಾರಿಲ್ಲದವನನ್ನು ಊರಿಗೆ ಕಳಿಸಿಬಿಡ್ತಾರೆ ಅಂತ ಹೆದರಿಕೆ. ಏನೂ ಇಲ್ಲದ ಕಾಯಿಲೆಯನ್ನು ಮುಚ್ಚಿಟ್ಟವ ನಾನೇ, ಆ ಪೆದ್ದುತನ ನನ್ನದೇ.

ವೀಸಾದ ಕಾಗದ ಎಲ್ಲ ರಾನ್ಸನ್ನೇ ತಯಾರು ಮಾಡಿದ. ಮೇ ತಿಂಗಳ ಮೊದಲ ವಾರ ಹೋಗಿ ಬೆರಳಚ್ಚು ಕೊಟ್ಟು ಬಂದೆ. ಎರಡು ವಾರ ಆದ ಮೇಲೆ ಪಾಸ್‌ಪೋರ್ಟ್ ತರ್ಲಿಕ್ಕೆ ಅವನೇ ಹೋದ. ಸಂಜೆ ಬೂ ಬದರ್ ನನ್ನನ್ನು ಒಳಗೆ ಕರೆದು ಕೂರಿಸಿ, ಹೆಗಲ ಮೇಲೆ ಕೈ ಇಟ್ಟು, "ವೀಸಾ ಆಗ್ಲಿಲ್ಲ ರೋಹಿ. ನಸೀಬ್. ನೀನು ನಿನ್ನ ಆರೋಗ್ಯ ನೋಡ್ಕೋ" ಅಂದ್ರು. ಎಂದೂ ಇಲ್ಲದ ಮೆತ್ತಗಿನ ಸ್ವರ. ವೀಸಾಕ್ಕೂ ಆರೋಗ್ಯಕ್ಕೂ ಎಂತ ಸಂಬಂಧ ಅಂತ ನಾನು ಒಂದು ಗಳಿಗೆ ಯೋಚನೆ ಮಾಡ್ಬೇಕಿತ್ತು. ಮಾಡ್ಲಿಲ್ಲ. ನಾರ್ವೆಯವರಿಗೆ ಬಾಯಿಗೆ ಬಂದ ಹಾಗೆ ಬೈಲಿಕ್ಕೆ ಶುರು ಮಾಡಿದೆ. ಆ ಸಂಜೆ ಇಡೀ ರಾನ್ಸನ್ ನನ್ನ ಪಕ್ಕ ಕೂತು, "ಮಂಡೆ ಬಿಸಿ ಮಾಡ್ಬೇಡಿ ದಾಸಣ್ಣ, ಬರುವ ವರ್ಷ ನೋಡುವ" ಅಂತ ಸಮಾಧಾನ ಮಾಡಿದ. ಪಾಸ್‌ಪೋರ್ಟನ್ನು ಕವರಿನೊಳಗೆ ಹಾಕಿ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿ ಇಟ್ಟ. ಆ ಕಪಾಟಿನ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ. ತೆರೆದು ನೋಡುವ ಅಂತ ನನಗೆ ಒಮ್ಮೆಯೂ ಅನಿಸ್ಲಿಲ್ಲ.

ಒಂದು ವಾರದ ಮೇಲೆ ಅವನು ತಲೆ ತಗ್ಗಿಸಿಕೊಂಡು ಬಂದ. "ಬೂ ಬದರ್ ನನ್ನನ್ನು ಬಾ ಅಂತಿದ್ದಾರೆ. ನೀವು ಬೇಡ ಅಂದ್ರೆ ಹೋಗುವುದಿಲ್ಲ."

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳ್ಲಿ? ಎರಡು ದಿನ ಅವನ ಮುಖ ನೋಡಿ ಮಾತಾಡ್ಲಿಲ್ಲ. ಮೂರನೆ ದಿನ ಸುಗಂಧಿ, "ಬೇರೆ ಯಾರೋ ಹೋಗುವುದಕ್ಕಿಂತ ನಮ್ಮ ರಾನ್ಸನ್ ಹೋಗುವುದು ಒಳ್ಳೆದಲ್ವಾ?" ಅಂದಳು. ಹೌದಲ್ಲ ಅಂತ ಕಂಡಿತು. ನಾನು ಆರಿಸಿದ್ದನ್ನು ನನ್ನ ತಮ್ಮ ಎಸೀತಾನೆ, ಆಯ್ತಲ್ಲ. ಅವನಿಗೆ ಕಲಿಸುವುದು ಅಂತ ತೀರ್ಮಾನ ಮಾಡಿದೆ.

ಹೊಳೆ ಇಲ್ಲದ ದೇಶದಲ್ಲಿ ಹೊಳೆಯ ಗಾಳ ಕಲಿಸುವುದು ಹೇಗೆ? ದಕ್ಷಿಣದ ಕಡೆ ದೋಣಿ ನಿಲ್ಲಿಸುವ ಒಂದು ಸಣ್ಣ ಬಂದರು ಉಂಟು. ಇಳಿತದ ಹೊತ್ತಿಗೆ ಅದರ ಬಾಯಿಯಲ್ಲಿ ನೀರು ಒಂದೇ ದಿಕ್ಕಿಗೆ ಓಡ್ತದೆ. ಶುಕ್ರವಾರ ಬೆಳಿಗ್ಗೆ ಅವನು ಇಗರ್ಜಿಯಿಂದ ಬಂದ ಕೂಡಲೇ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ. ಏಳು ಶುಕ್ರವಾರ. ಒಂಬತ್ತು ಗಂಟೆಗೇ ನೆತ್ತಿ ಸುಡ್ತಿತ್ತು.

"ನೇರ ಎಸೀಬೇಡ, ಅಡ್ಡ ಎಸಿ. ಸ್ವಲ್ಪ ಕೆಳಕ್ಕೆ. ರೀಲ್ ಸುತ್ತಬೇಡ! ಎಂತ ಅವಸರ ನಿನಗೆ, ಬಾವಿಯಿಂದ ಕೊಡಪಾನ ಎಳೀತಿದ್ದೀಯಾ? ದಾರ ಬಿಗಿ ಇಟ್ಕೊಂಡು ಸುಮ್ಮನೆ ನಿಲ್ಲು. ಸೆಳೆತವೇ ಅದನ್ನು ಆ ಕಡೆಯಿಂದ ಈ ಕಡೆಗೆ ತರ್ತದೆ. ತಂದಾಯ್ತಾ? ಈಗ ಒಂದು ಹೆಜ್ಜೆ ಕೆಳಗೆ ಹೋಗಿ ಮತ್ತೆ ಎಸಿ. ಹಾಗೆ ಇಡೀ ಗುಂಡಿಯನ್ನು ಗುಡಿಸಿ ಬರ್ಬೇಕು. ಮೀನು ಕಚ್ಚಿದ ಕೂಡಲೇ ಜಗ್ಗಬೇಡ. ಅದು ತಿರುಗಲಿ, ಭಾರ ಕೈಗೆ ಬರ್ಲಿ, ಆಮೇಲೆ ಎತ್ತು."

ಅವನು ಬೆವರು ಒರೆಸಿಕೊಂಡು ಹೇಳಿದ ಹಾಗೆ ಮಾಡ್ತಿದ್ದ. ಒಂದು ಸಲ ಎಸೆಯುವುದನ್ನು ನಿಲ್ಲಿಸಿ, "ನೀವು ಯಾಕೆ ದಾಸಣ್ಣ ಇಷ್ಟು ಕಲಿಸುವುದು?" ಅಂತ ಕೇಳಿದ. ನಾನು, "ಬಾಯಿ ಮುಚ್ಚಿ ಎಸಿ" ಅಂದೆ. ನನ್ನ ನೋಟ್‌ಬುಕ್ಕನ್ನೂ ಅವನಿಗೇ ಕೊಟ್ಟೆ. ಹತ್ತು ವರ್ಷದ ನೀರಿನ ಬಣ್ಣ, ಬಿಸಿ, ಯಾವ ದಿನ ಯಾವ ಲ್ಯೂರ್‌ಗೆ ಮೀನು ಬಿತ್ತು, ಎಲ್ಲ ಅದರಲ್ಲಿತ್ತು. ಪೆಟ್ಟಿಗೆಯ ಒಂದೊಂದು ಗೂಡಿಗೂ ಕನ್ನಡದಲ್ಲಿ ಚೀಟಿ ಅಂಟಿಸಿದೆ. ಬೇರೆ ನೀರಿನ ರೋಗ ಅವರ ಹೊಳೆಗೆ ಬರಬಾರದು ಅಂತ ಅಲ್ಲಿ ಕಾನೂನು ಉಂಟು, ಅದಕ್ಕೆ ರಾಡು, ಬೂಟು, ಬಲೆ ಎಲ್ಲ ತೊಳೆದು ಒಣಗಿಸಿದ್ದೂ ನಾನೇ. ಹೊರಡುವ ದಿನ ಅವನು ನನ್ನನ್ನು ಗಟ್ಟಿ ತಬ್ಬಿಕೊಂಡು ಅತ್ತುಬಿಟ್ಟ. "ಇದು ನಿಮ್ಮ ಜಾಗ ದಾಸಣ್ಣ" ಅಂದ. ನನಗೂ ಕಣ್ಣು ತುಂಬಿತು. ಎಂಥ ಒಳ್ಳೆ ಮನಸ್ಸು ಅಂತ ಸುಗಂಧಿ ಹತ್ತಿರ ಹೇಳಿದ್ದೇ ಹೇಳಿದ್ದು.

ಅವರು ಹೋಗಿ ಐದು ದಿನ ಫೋನ್ ಇಲ್ಲ. ಆರನೆ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಹೊರಗೆ ನಲವತ್ತೊಂಬತ್ತು ಡಿಗ್ರಿ, ಅಂಗಡಿಗೆ ನೊಣವೂ ಬರ್ತಿರ್ಲಿಲ್ಲ. ಬೂ ಬದರ್ ವಿಡಿಯೋ ಕಾಲ್ ಮಾಡಿದ್ರು. ಮುಖ ಕೆಂಪಾಗಿತ್ತು.

"ರೋಹಿ, ಐದು ದಿನ, ಒಂದೂ ಇಲ್ಲ! ನಾಳೆ ಹೊರಡ್ಬೇಕು. ಮೀನು ಕಣ್ಣೆದುರು ಹಾರ್ತದೆ, ಕಚ್ಚುವುದಿಲ್ಲ. ರಾನ್ಸನ್ ನಿನ್ನ ಪುಸ್ತಕ ನೋಡಿ ನೋಡಿ ಹೇಳ್ತಾನೆ, ಆದ್ರೂ ಆಗ್ತಾ ಇಲ್ಲ."

"ಅವನಿಗೆ ಕೊಡಿ ಫೋನ್, ನಾನು ಬೈತೇನೆ."

"ಅವನು ಕಾರಿನಿಂದ ಸಾಮಾನು ತರ್ಲಿಕ್ಕೆ ಹೋದ. ನೀನು ಹೇಗಿದ್ದೀ? ಹಾರ್ಟ್ ಹೇಗುಂಟು?"

"ಯಾರ ಹಾರ್ಟ್?"

ಅವರು ನಕ್ಕರು. "ಇನ್ನು ಮುಚ್ಚಿಡಬೇಡ ರೋಹಿ. ನಿನ್ನ ಆಸ್ಪತ್ರೆ, ಇಸಿಜಿ, ರಾನ್ಸನ್ ಎಲ್ಲ ಹೇಳಿದ್ದಾನೆ. ಅವನ ಹೆಂಡತಿಯೇ ರಿಪೋರ್ಟ್ ನೋಡಿದ್ದಂತೆ. ತಣ್ಣೀರಿಗೆ ಇಳಿಯಬಾರದು ಅಂತ ಡಾಕ್ಟ್ರು ಹೇಳಿದ್ದಂತೆ. ನನಗೆ ಗೊತ್ತಾಯ್ತು ಅಂದ್ರೆ ನೀನು ಕೆಲಸ ಹೋಗ್ತದೆ ಅಂತ ಹೆದರಿ ಸಾಯ್ತೀ, ಅದಕ್ಕೆ ವೀಸಾ ಆಗ್ಲಿಲ್ಲ ಅಂತ ಹೇಳಿ ಅಂತ ಅವನೇ ಬೇಡಿಕೊಂಡ. ವೀಸಾ ಬಂದಿತ್ತು ರೋಹಿ. ಆದ್ರೆ ಇಲ್ಲಿ ನಿನಗೆ ಹೆಚ್ಚುಕಡಿಮೆ ಆದ್ರೆ ನಿನ್ನ ಮನೆಯವರಿಗೆ ನಾನು ಎಂತ ಉತ್ತರ ಕೊಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ ಆಯ್ತು.

ಕಪಾಟಿಗೆ ನಾಲ್ಕು ಹೆಜ್ಜೆ. ಸೊಂಟದ ಕೀ ಹಾಕಿ ತೆರೆದೆ. ಕವರ್ ಹರಿದು ಪಾಸ್‌ಪೋರ್ಟ್ ತೆಗೆದೆ. ಹದಿನೇಳನೆ ಪುಟದಲ್ಲಿ ಅಂಟಿಸಿದ ವೀಸಾ, ಅದರಲ್ಲಿ ನನ್ನದೇ ಗಂಟು ಮುಖದ ಫೋಟೋ. ಆಗಸ್ಟ್ ಹತ್ತರವರೆಗೆ ಅವಧಿ. ಎರಡು ತಿಂಗಳಿಂದ ಅದು ಅಲ್ಲೇ ಇತ್ತು. ನಾನು ಅದರ ಪಕ್ಕದಲ್ಲಿ ಕೂತು ನಾರ್ವೆಯವರಿಗೆ ಬೈತಾ ಊಟ ಮಾಡಿದ್ದೆ.

ಬೊಬ್ಬೆ ಹಾಕಿದೆ. ಯಾರಿಗೆ ಅಂತ ಹಾಕುವುದು? ಗೋಡೆಗೆ ಹಾಕಿದೆ. ಕಳ್ಳ, ನಾಯಿ, ದ್ರೋಹಿ, ತುಳುವಿನಲ್ಲಿ ಎಷ್ಟು ಬೈಗಳು ಉಂಟೋ ಅಷ್ಟೂ ಮುಗಿಯಿತು. ಮುಗಿದ ಮೇಲೆ ಕೆಳಗೆ ಕೂತೆ. ಕಂಡವರು ಮಾಡಿದ್ರೆ ಹೊಡೆದು ಮರೀಬಹುದಿತ್ತು. ಇವನು ಏಳು ಶುಕ್ರವಾರ ನನ್ನ ಪಕ್ಕದಲ್ಲಿ ನಿಂತು, ನನ್ನ ನೀರಿನ ಬಾಟ್ಲಿಯಿಂದ ನೀರು ಕುಡಿದು, ನನ್ನಿಂದ ಬೈಸಿಕೊಂಡು ಕಲಿತ. ಒಂದು ಶುಕ್ರವಾರ ಆದ್ರೂ ಬಾಯಿ ಬಿಡಬಹುದಿತ್ತಲ್ಲ? ನನ್ನ ಗುಟ್ಟು ಕಾಪಾಡು ಅಂತ ನಾನು ಹಿಡಿದ ಕೈಯಲ್ಲೇ ಅವನು ಅದನ್ನು ಮಾರಿದ. ಎದೆ ನೋವು ಅಂದ್ರೆ ಹೇಗಿರ್ತದೆ ಅಂತ ಆವತ್ತು ಗೊತ್ತಾಯ್ತು ನನಗೆ.

ಫೋನ್ ಮತ್ತೆ ರಿಂಗ್ ಆಯ್ತು. ಈ ಸಲ ಮುಖ ಇಲ್ಲ. ಹೊಳೆ.

ಫೋನ್ ಹಿಡಿದದ್ದು ರಾನ್ಸನ್ ಅಂತ ಉಸಿರಿನಲ್ಲೇ ಗೊತ್ತಾಯ್ತು. ಬೂ ಬದರ್ ರಾಡ್ ಹಿಡಿದು ಆಗಲೇ ನೀರಿಗೆ ಇಳಿದಿದ್ರು. "ದಾಸಣ್ಣ, ಬೇಗ ಹೇಳಿ, ಯಾವುದು ಕಟ್ಟುವುದು? ಆ ದೊಡ್ಡ ಕಲ್ಲಿನ ಹತ್ತಿರ ಮೀನು ಉಂಟು" ಅಂದ. ಎಂದಿನ ಸ್ವರ. ಬೂ ಬದರ್ ನನಗೆ ಎಂತ ಹೇಳಿದ್ದಾರೆ ಅಂತ ಅವನಿಗೆ ಇನ್ನೂ ಗೊತ್ತಿರ್ಲಿಲ್ಲ.

ಕಪ್ಪು ಬಣ್ಣದ ಭಾರದ್ದು ಕಟ್ಟು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಅದನ್ನು ಕಟ್ಟಿದ್ರೆ ತಳಕ್ಕೆ ಹೋಗಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ತಿತ್ತು, ಬಿಡಿಸ್ಲಿಕ್ಕೆ ಹೋದ್ರೆ ಮೀನು ಓಡ್ತಿತ್ತು, ಆರು ದಿನ ದಂಡ. ಆಮೇಲೆ ಬೂ ಬದರ್ ಅವನಿಗೆ ಹಾಕ್ತಿದ್ದ ಬೈಗಳು ನನಗೆ ಇಲ್ಲಿಗೇ ಕೇಳ್ತಿತ್ತು. ಅವನು ಅದಕ್ಕೆ ಲಾಯಕ್ಕು.

ಆದ್ರೆ ನೀರು ಕಂಡಿತಲ್ಲ ನನಗೆ. ಹಾಲು ಹಾಕದ ಚಹಾದ ಬಣ್ಣ, ತಳದ ಕಲ್ಲು ಅರ್ಧ ಕಾಣ್ತಿತ್ತು. ವಾರದಿಂದ ಮಳೆ ಬಿದ್ದಿರಲಿಕ್ಕಿಲ್ಲ, ನೀರು ಇಳಿದಿತ್ತು. ದೊಡ್ಡ ಕಲ್ಲಿನ ಹಿಂದೆ, ನೊರೆ ಮುಗಿಯುವಲ್ಲಿ, ಒಂದು ಬೆನ್ನು ನಿಧಾನಕ್ಕೆ ಮೇಲೆ ಬಂದು ತಿರುಗಿ ಒಳಗೆ ಹೋಯ್ತು. ಅಬ್ಬಾ! ಎಷ್ಟು ದೊಡ್ಡದು! ನನಗೆ ವೀಸಾ ಮರೆತುಹೋಯ್ತು, ಸಿಟ್ಟು ಮರೆತುಹೋಯ್ತು. ಒಳ್ಳೆಯತನ ಅಂತ ತಿಳೀಬೇಡಿ. ಮೂವತ್ತು ವರ್ಷ ಕುಡಿದವನ ಎದುರು ಬಾಟ್ಲಿ ಇಟ್ಟ ಹಾಗೆ ಆಯ್ತು.

"ಆ ತಗಡು ಬಿಚ್ಚು! ಬಿಸಿಲಿಗೆ ಅಷ್ಟು ದೊಡ್ಡದ್ದು ಯಾರು ಕಟ್ಟುವುದು? ನಾಲ್ಕನೆ ಗೂಡಿನ ಸಣ್ಣ ತಾಮ್ರದ್ದು ತೆಗಿ. ಅವರಿಗೆ ಹೇಳು, ಎರಡು ಹೆಜ್ಜೆ ಮೇಲೆ ಹೋಗ್ಲಿ. ಕ್ಯಾಪ್ ತೆಗೀಲಿ, ನೆರಳು ಬೀಳ್ತಾ ಉಂಟು ನೀರಿಗೆ. ಕಲ್ಲಿನ ಆಚೆ ಎಸೀಲಿ. ಸುತ್ತಬೇಡ, ಸುತ್ತಬೇಡ ಅಂತ ಹೇಳು. ರಾಡಿನ ತುದಿ ಮೇಲೆ. ಬರ್ಲಿ, ಬರ್ಲಿ. ಈಗ ಎರಡು ಸುತ್ತು ಜೋರಾಗಿ, ಮತ್ತೆ ನಿಲ್ಲಿಸು!"

ನಾನು ಹೇಳಿದ್ದನ್ನೆಲ್ಲ ಅವನು ಅರಬ್ಬಿಯಲ್ಲಿ ಕೂಗಿ ಹೇಳ್ತಿದ್ದ. ಮೂರನೆ ಎಸೆತಕ್ಕೆ ರಾಡ್ ಬಗ್ಗಿತು.

ಫೋನನ್ನು ಯಾವುದೋ ಕಲ್ಲಿನ ಮೇಲೆ ಇಟ್ಟು ಅವನು ಬಲೆ ಹಿಡಿದು ಓಡಿದ. ನನಗೆ ಬರೀ ಆಕಾಶ ಕಾಣ್ತಿತ್ತು. ನೀರಿನ ಸದ್ದು, ಬೊಬ್ಬೆ, "ಯಲ್ಲಾ, ಯಲ್ಲಾ!" ಹತ್ತು ನಿಮಿಷ ಹಾಗೆ. ಕೊನೆಗೆ ಬೂ ಬದರ್ ಫೋನ್ ಎತ್ತಿದ್ರು. ಗಡ್ಡದಿಂದ ನೀರು ಇಳೀತಿತ್ತು, ಇನ್ನೊಂದು ಕೈ ರಾನ್ಸನ್‌ನ ಕುತ್ತಿಗೆ ಸುತ್ತ. "ಹನ್ನೊಂದು ಕಿಲೋ ರೋಹಿ! ಈ ರಾನ್ಸನ್‌ನ ಕಣ್ಣು ನೋಡು, ಕ್ಯಾಪಿನ ನೆರಳು ಬಿದ್ದದ್ದೂ ಗೊತ್ತಾಯ್ತು ಇವನಿಗೆ!"

ರಾನ್ಸನ್ ನೆಲ ನೋಡ್ತಿದ್ದ. ನಾನು ಹೇಳಿದ್ದು ಅಂತ ಅವನು ಹೇಳ್ತಾನೆ ಅಂತ ಒಂದು ಗಳಿಗೆ ಕಾದೆ. ಹೇಳ್ಲಿಲ್ಲ.

ಆಗ ನಾನೇ ಹೇಳಿದೆ, ಬೊಬ್ಬೆ ಹಾಕದೆ, ನಿಧಾನಕ್ಕೆ. "ಬೂ ಬದರ್, ನನಗೆ ಹಾರ್ಟಿನ ಕಾಯಿಲೆ ಇಲ್ಲ. ಆವತ್ತು ಬರೀ ಗ್ಯಾಸ್. ಡಾಕ್ಟ್ರು ನೀರಿಗೆ ಇಳೀಬೇಡ ಅಂತ ಹೇಳಿಯೇ ಇಲ್ಲ. ಇವನು ನಿಮಗೆ ಸುಳ್ಳು ಹೇಳಿ ನನ್ನ ಜಾಗಕ್ಕೆ ಬಂದದ್ದು. ಬೇಕಾದ್ರೆ ಅವನ ಹತ್ತಿರವೇ ಕೇಳಿ."

ಅವರ ನಗು ನಿಂತಿತು. ರಾನ್ಸನ್‌ನ ಕಡೆ ತಿರುಗಿದ್ರು. ಅವನ ಮುಖ ನೋಡಿದ್ರೆ ಸಾಕಿತ್ತು, ಕೇಳುವುದೇ ಬೇಡ. ಅವರಿಗೆ ಅರ್ಥ ಆಯ್ತು. ಆಗಿದೆ ಅಂತ ನಾನು ಕಣ್ಣಾರೆ ಕಂಡೆ. ಹಿಂದಿನಿಂದ ಸ್ನೇಹಿತರು ಫೋಟೋಕ್ಕೆ ಕರೀತಿದ್ರು. ಬೂ ಬದರ್ ಮೀನಿನ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು.

"ಖಲಾಸ್ ರೋಹಿ," ಅಂದ್ರು. "ಇವತ್ತು ಬೇಡ. ಮೀನು ಬಂತಲ್ಲ."

ಫೋನನ್ನು ರಾನ್ಸನ್‌ನ ಕೈಗೆ ಕೊಟ್ಟು ಹೋದ್ರು. ಹತ್ತು ವರ್ಷ. ಮೀನು ಬಂತಲ್ಲ, ಅಷ್ಟೇ. ಅದನ್ನು ಬರಿಸಿದವ ಅಂಗಡಿಯಲ್ಲಿದ್ರೆಂತ, ನೀರಲ್ಲಿದ್ರೆಂತ, ಅವರಿಗೆ ಎರಡೂ ಒಂದೇ. ರಾನ್ಸನ್ ಮಾಡಿದ್ದಕ್ಕಿಂತ ಇದು ಹೆಚ್ಚು ಸುಟ್ಟಿತು ನನ್ನನ್ನು.

"ದಾಸಣ್ಣ," ಅಂದ ಅವನು. "ನಂಗೂ ಒಮ್ಮೆ ಬರ್ಬೇಕಂತ ಇತ್ತು. ನೀವು ಇರುವಾಗ ನನ್ನನ್ನು ಯಾರು ಕರೀತಾರೆ?"

"ನನ್ನ ಹತ್ತಿರ ಕೇಳ್ಬೇಕಿತ್ತು."

"ಕೇಳಿದ್ರೆ ಬಿಟ್ಟು ಕೊಡ್ತಿದ್ರಾ?"

"ಇಲ್ಲ," ಅಂದೆ. "ಆದ್ರೆ ಕೊಡುವುದಿಲ್ಲ ಅಂತ ನಿನ್ನ ಮುಖ ನೋಡಿಯೇ ಹೇಳ್ತಿದ್ದೆ. ಇನೆಜ್‌ಗೆ ಗೊತ್ತುಂಟಾ ಇದು?"

ಅವನು ಮುಖ ಆಚೆ ತಿರುಗಿಸಿದ. ಮೊನ್ನೆ ಭಾನುವಾರ ಇನೆಜ್ ನಮ್ಮ ಮನೆಗೆ ಅಕ್ಕಿ ಹಿಟ್ಟಿನ ಸಾನ್ನ ಬೇಯಿಸಿ ತಂದು ಕೊಟ್ಟು, ಸುಗಂಧಿ ಹತ್ತಿರ ಅರ್ಧ ಗಂಟೆ ಕೂತು ಹೋಗಿದ್ದಳು.

"ದಾಸಣ್ಣ, ನಾನು ಬಂದು ನಿಮ್ಮ ಕಾಲಿಗೆ..."

"ಸಾಕು. ಗೋಳು ಬೇಡ. ಅವರು ಫೋಟೋ ತೆಗೆಯುವುದು ಮುಗಿಯುವವರೆಗೆ ಒಂದು ಕೆಲಸ ಮಾಡು. ಕ್ಯಾಮರಾ ತಿರುಗಿಸು. ನಿನ್ನ ಮುಖ ತೋರಿಸಬೇಡ, ನೀರು ತೋರಿಸು."

ಅವನು ತಿರುಗಿಸಿದ. ಅಂಗಡಿಗೆ ಯಾರೋ ಗಿರಾಕಿ ಬಂದ, ಕೈಸನ್ನೆ ಮಾಡಿ ಹೊರಗೆ ಕಳಿಸಿದೆ. ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ರಾನ್ಸನ್ ದಂಡೆ ಹಿಡಿದು ಕೆಳಕ್ಕೆ ನಡೀತಾ ಹೋದ, ನಾನು ನೋಡ್ತಾ ಹೋದೆ. ಕಲ್ಲು, ನೊರೆ, ಆಳದ ಗುಂಡಿ, ಮತ್ತೆ ತೆಳು ನೀರು. ಇನ್ನೊಂದು ಮೀನು ಹಾರಿತು. ಚಿತ್ರ ಅಲುಗಾಡ್ಲಿಕ್ಕೆ ಶುರುವಾಯ್ತು. ಅಳ್ತಿದ್ದಾನೆ ಅಂತ ಗೊತ್ತಾಯ್ತು.

"ಕೈ ಗಟ್ಟಿ ಹಿಡಿ," ಅಂತ ಬೈದೆ. "ನನಗೆ ಸರಿ ಕಾಣ್ತಾ ಇಲ್ಲ."